ಸಂಚಕಾರ ಕೊಡುವ ಮುನ್ನ: ಗದಗ ಸೀಮೆಯಲ್ಲಿ ಮೊದಲ ಮನೆಯ ಪ್ರಶ್ನೆ

ನೌಕರಿ ಹತ್ತಿ ನಾಲ್ಕಾರು ವರ್ಷವಾದ ಹುಡುಗನಿಗೆ ಗದಗ-ಬೆಟಗೇರಿಯಲ್ಲಿ ಹಿರಿಯರು ಕೇಳುವ ಪ್ರಶ್ನೆ, ‘ಎಲ್ಲೆರ ಪ್ಲಾಟ್ ಹಿಡದೀಯೇನಪಾ?’ ಎಂಬುದು. ಬೆಂಗಳೂರಿನಲ್ಲಿ ಮೊದಲ ಮನೆ ಎಂದರೆ ಬಹಳ ಮಂದಿಗೆ ಕಟ್ಟಿ ಮುಗಿದ ಅಥವಾ ಮುಗಿಯಲಿರುವ ಫ್ಲ್ಯಾಟು. ನಮ್ಮ ಕಡೆ ಅದು ಖಾಲಿ ನೆಲದಿಂದ ಶುರುವಾಗುತ್ತದೆ. ಮೊದಲು ಪ್ಲಾಟು, ಅದರ ಸಾಲ ತೀರುವ ಹೊತ್ತಿಗೆ ಪಾಯಾ, ಆಮೇಲೆ ಗ್ವಾಡಿ, ಸ್ಲ್ಯಾಬು, ಕೊನೆಗೆ ನೀರಿನ ಚಿಂತೆ. ಪ್ಲಾಟು ಹಿಡಿದ ದಿನದಿಂದ ವಾಸ್ತುಶಾಂತಿಯ ದಿನದವರೆಗೆ ಹತ್ತು ವರ್ಷ ಕಳೆದುಹೋದ ಕುಟುಂಬಗಳು ಎಲ್ಲ ಓಣಿಗಳಲ್ಲೂ ಇವೆ.

ದೊಡ್ಡ ನಗರಗಳ ಮನೆಯ ಚರ್ಚೆಯೆಲ್ಲ ಬೆಲೆಯ ಸುತ್ತ ನಡೆಯುತ್ತದೆ. ಚದರಡಿಗೆ ಎಷ್ಟು, ಸಂಬಳದ ಎಷ್ಟು ಪಾಲು ಕಂತಿಗೆ ಹೋಗುತ್ತದೆ ಎಂಬುದೇ ಅಲ್ಲಿನ ಮಾತು. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ಬೆಲೆ ಹಗುರ ಎಂದು ನಾನು ಹೇಳುವುದಿಲ್ಲ. ಒಬ್ಬ ಶಿಕ್ಷಕಿಗೆ, ಒಬ್ಬ ಬಸ್ ಕಂಡಕ್ಟರ್‌ಗೆ, ಸಂತೆಯಲ್ಲಿ ಅಂಗಡಿ ಹಾಕುವವರಿಗೆ ಅದು ಜೀವಮಾನದ ಗಳಿಕೆ. ಆದರೂ ಇಲ್ಲಿ ಕುಟುಂಬಗಳನ್ನು ಕೆಡವಿದ್ದು ಬೆಲೆಗಿಂತ ಹೆಚ್ಚಾಗಿ ಎರಡು ಸಂಗತಿಗಳು: ಸರಿಯಿಲ್ಲದ ಕಾಗದ ಮತ್ತು ಬಾರದ ನೀರು. ಈ ಎರಡನ್ನು ನೋಡಿ ಕೊಂಡವರು ಸಣ್ಣ ಜಾಗದಲ್ಲೂ ನೆಮ್ಮದಿಯಿಂದ ಇದ್ದಾರೆ. ಅಗ್ಗದ ಚದರಡಿಯನ್ನು ನೋಡಿ ಕೊಂಡವರು ಊರ ಹೊರಗೆ ದೊಡ್ಡ ಮನೆ ಕಟ್ಟಿಕೊಂಡು ಟ್ಯಾಂಕರ್‌ಗೆ ಫೋನ್ ಮಾಡುತ್ತಿದ್ದಾರೆ.

ಊರು ಬೆಳೆದ ಬಗೆಯನ್ನು ಮೊದಲು ನೋಡಬೇಕು. 1997ರ ಆಗಸ್ಟ್ 24ರಂದು ಧಾರವಾಡ ಜಿಲ್ಲೆಯಿಂದ ಬೇರೆಯಾಗಿ ಗದಗ ಜಿಲ್ಲೆಯಾಯಿತು. ಅಲ್ಲಿಯವರೆಗೆ ಗದಗ ಎಂದರೆ ರೈಲು ಜಂಕ್ಷನ್, ಹತ್ತಿ ಮತ್ತು ಶೇಂಗಾದ ಪೇಟೆ, ಮುದ್ರಣಾಲಯಗಳು. ಬೆಟಗೇರಿ ಎಂದರೆ ಮಗ್ಗ. ಜಿಲ್ಲಾ ಕಚೇರಿಗಳು ಬಂದ ಮೇಲೆ ನೌಕರರು ಬಂದರು, ಅವರ ಹಿಂದೆ ಪ್ಲಾಟಿನ ವ್ಯಾಪಾರ ಬಂತು. 2015ರಲ್ಲಿ ಮಲ್ಲಸಮುದ್ರದ ಬಳಿ ಗದಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, 2016ರಲ್ಲಿ ನಾಗಾವಿಯ ಕಡೆ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಆರಂಭವಾದವು. ಮುಳಗುಂದ ನಾಕಾ, ಹಾತಲಗೇರಿ ನಾಕಾ, ಕಳಸಾಪುರ ರಸ್ತೆಗಳ ಆಚೆ ಜೋಳ-ಕಡಲೆ ಬೆಳೆಯುತ್ತಿದ್ದ ಹೊಲಗಳಲ್ಲಿ ನಂಬರ್ ಬರೆದ ಕಲ್ಲುಗಳು ಎದ್ದವು. 2011ರ ಜನಗಣತಿಯಲ್ಲಿ ಅವಳಿ ನಗರದ ಜನಸಂಖ್ಯೆ 1 ಲಕ್ಷ 72 ಸಾವಿರ ದಾಟಿತ್ತು. ನಗರ ಹರಡಿದ ವೇಗವನ್ನು ಕಂಡವರಿಗೆ ಆ ಅಂಕಿ ಈಗ ಹಳೆಯದೆನಿಸುತ್ತದೆ.

ಲಕ್ಷ್ಮೇಶ್ವರದ ಕಥೆಯೂ ಇದೇ ದಾರಿಯದು. ಬಹುಕಾಲ ಶಿರಹಟ್ಟಿ ತಾಲ್ಲೂಕಿನೊಳಗೆ ಇದ್ದ, ಆದರೆ ಶಿರಹಟ್ಟಿಗಿಂತ ದೊಡ್ಡದಾದ ಈ ಪೇಟೆ 2018ರ ಹೊತ್ತಿಗೆ ತಾನೇ ತಾಲ್ಲೂಕು ಕೇಂದ್ರವಾಯಿತು. ಇಂಥ ಊರುಗಳಲ್ಲಿ ಒಂದು ಕಚೇರಿಯ ಫಲಕ ಎದ್ದರೆ ಸಾಕು, ಆ ದಿಕ್ಕಿನ ಎಕರೆ ಹೊಲ ಗುಂಟೆಯ ಲೆಕ್ಕಕ್ಕೆ ಇಳಿಯುತ್ತದೆ. ‘ರೈಲು ಬರ್ತೈತ್ರಿ’ ಎಂಬ ಮಾತೂ ಪ್ಲಾಟು ಮಾರುತ್ತದೆ. ಗದಗದಿಂದ ಶಿರಹಟ್ಟಿ, ಲಕ್ಷ್ಮೇಶ್ವರದ ಮೇಲೆ ಹಾದು ಯಲವಿಗಿಗೆ ಹೋಗುವ ಮಾರ್ಗ, ಮುಂಡರಗಿಯ ಮೇಲೆ ಹರಪನಹಳ್ಳಿಗೆ ಹೋಗುವ ಮಾರ್ಗ – ಎರಡೂ ಈ ಭಾಗದ ಜನರ ಬಹುಕಾಲದ, ನ್ಯಾಯವಾದ ಬೇಡಿಕೆಗಳು. ಬೇಡಿಕೆಯನ್ನು ನಂಬಿ ಹೋರಾಟ ಮಾಡಬಹುದು, ದುಡ್ಡು ಹಾಕಬಾರದು. ಮೊದಲ ಮನೆಯ ದುಡ್ಡಂತೂ ಇವತ್ತು ಕಾಣುವ ರಸ್ತೆಯ ಮೇಲೇ ಬೀಳಬೇಕು.

ಪ್ಲಾಟು ಆಗುವ ಕ್ರಮ ಕಾನೂನಿನಲ್ಲಿ ಸ್ಪಷ್ಟವಾಗಿದೆ. ಹೊಲವನ್ನು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಕೃಷಿಯೇತರ ಮಾಡಿಸಬೇಕು. ಇದನ್ನೇ ನಮ್ಮ ಕಡೆ ಎನ್.ಎ. ಎನ್ನುವುದು. ಆಮೇಲೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ನಕ್ಷೆಗೆ ಮಂಜೂರಾತಿ ಬೇಕು. ಗದಗ-ಬೆಟಗೇರಿಯಲ್ಲಿ ಅದನ್ನು ಕೊಡುವುದು ನಗರಾಭಿವೃದ್ಧಿ ಪ್ರಾಧಿಕಾರ. ನಕ್ಷೆಯಲ್ಲಿ ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ ಜಾಗ ಇರಲೇಬೇಕು. ಬಡಾವಣೆ ಮಾಡಿದವನು ರಸ್ತೆ, ಗಟಾರು, ಒಳಚರಂಡಿ, ನೀರಿನ ಪೈಪು, ವಿದ್ಯುತ್ ಕಂಬ ಎಲ್ಲವನ್ನೂ ಹಾಕಿ, ಅದನ್ನು ನಗರಸಭೆಗೆ ಹಸ್ತಾಂತರ ಮಾಡಬೇಕು. 500 ಚದರ ಮೀಟರ್‌ಗಿಂತ ದೊಡ್ಡ ಬಡಾವಣೆಯಾದರೆ ರೇರಾದಲ್ಲಿ ನೋಂದಣಿಯೂ ಆಗಬೇಕು; ಅದನ್ನು ಯಾರು ಬೇಕಾದರೂ ಮೊಬೈಲಿನಲ್ಲೇ ನೋಡಬಹುದು.

ನಮ್ಮ ಊರುಗಳ ಗೋಳೆಲ್ಲ ಮಂಜೂರಾತಿ ಮತ್ತು ಹಸ್ತಾಂತರ ಎಂಬ ಈ ಎರಡರ ನಡುವೆ ಇದೆ. ಕೊಳ್ಳುವವರು ‘ಎನ್.ಎ. ಆಗೇತೇನ್ರಿ?’ ಎಂದು ತಪ್ಪದೆ ಕೇಳುತ್ತಾರೆ. ಹಸ್ತಾಂತರವಾಗಿದೆಯೇ ಎಂದು ಕೇಳುವವರು ಕಡಿಮೆ. ಪ್ಲಾಟುಗಳೆಲ್ಲ ಮಾರಿದ ಮೇಲೆ ಬಡಾವಣೆ ಮಾಡಿದವನಿಗೆ ಅಲ್ಲಿ ಕೆಲಸವಿಲ್ಲ. ನಗರಸಭೆ ತನ್ನ ಕೈಗೆ ಬಂದಿಲ್ಲ ಎನ್ನುತ್ತದೆ. ಮಧ್ಯದಲ್ಲಿ ನಿಂತವರು ಮನೆ ಕಟ್ಟಿದವರು. ಅಂಥ ಬಡಾವಣೆಯೊಂದರಲ್ಲಿ ಸಂಜೆ ಒಂದು ಸುತ್ತು ಹಾಕಿದರೆ ಎಲ್ಲ ತಿಳಿಯುತ್ತದೆ. ಡಾಂಬರು ಕಿತ್ತು ಜಲ್ಲಿ ಎದ್ದ ರಸ್ತೆ, ಬಲ್ಬಿಲ್ಲದ ಕಂಬ, ಪಾರ್ಕಿನ ಜಾಗದಲ್ಲಿ ಆಳೆತ್ತರದ ಜಾಲಿಕಂಟಿ. ಮನೆಗಳ ಮುಂದೆ ನೆಟ್ಟಗೆ ಬಂದ ಗಟಾರು ಕೊನೆಯ ಪ್ಲಾಟಿನ ಆಚೆ ಯಾರದೋ ಹೊಲದ ಬದುವಿನಲ್ಲಿ ನಿಂತುಬಿಡುತ್ತದೆ. ಮಳೆಗಾಲದಲ್ಲಿ ಆ ಹೊಲದವನಿಗೂ ಬಡಾವಣೆಯವರಿಗೂ ಜಗಳ. ಮನೆ ಕರವನ್ನು ಮಾತ್ರ ಎಲ್ಲರೂ ಕಟ್ಟುತ್ತಿರುತ್ತಾರೆ.

ಇದಕ್ಕಿಂತ ಕೆಳಗಿನ ಮೆಟ್ಟಿಲು ಗುಂಟೆ ಪ್ಲಾಟು. ಎಕರೆಗೆ 40 ಗುಂಟೆ, ಗುಂಟೆಗೆ 1,089 ಚದರಡಿ. 30×40ರ ಪ್ಲಾಟಿಗಿಂತ ಸ್ವಲ್ಪ ಸಣ್ಣದು, ಬೆಲೆ ಮಾತ್ರ ಅದಕ್ಕಿಂತ ಎಷ್ಟೋ ಕಡಿಮೆ. ಎನ್.ಎ. ಇಲ್ಲ, ಮಂಜೂರಾದ ನಕ್ಷೆ ಇಲ್ಲ, ಹತ್ತಾರು ಜನರ ಹೆಸರು ಒಂದೇ ಪಹಣಿಯಲ್ಲಿ ಜಂಟಿಯಾಗಿ ಕೂತಿರುತ್ತದೆ ಅಥವಾ ಬರೀ ಬಾಂಡ್ ಪೇಪರಿನ ಮೇಲೆ ವ್ಯವಹಾರ ನಡೆದಿರುತ್ತದೆ. ಕೂಲಿ ಮಾಡಿ ಉಳಿಸಿದವರು, ಗಾರೆ ಕೆಲಸದವರು, ಮನೆಗೆಲಸದ ಹೆಣ್ಣುಮಕ್ಕಳು ಇಂಥಲ್ಲಿ ಕೊಂಡಿದ್ದಾರೆ, ಯಾಕೆಂದರೆ ಅವರ ಕೈಗೆ ಎಟುಕಿದ್ದು ಅದೊಂದೇ. ಅವರನ್ನು ತಿಳಿಗೇಡಿಗಳು ಎನ್ನುವುದು ಅನ್ಯಾಯ. ಬಡವರ ಕೈಗೆ ಸಿಗುವ ಬೆಲೆಯಲ್ಲಿ ಕ್ರಮಬದ್ಧ ಪ್ಲಾಟು ಕೊಡುವ ಕೆಲಸವನ್ನು ಗೃಹ ಮಂಡಳಿಯೂ ಪ್ರಾಧಿಕಾರವೂ ಸಾಕಷ್ಟು ಮಾಡಲಿಲ್ಲ, ಆ ಖಾಲಿ ಜಾಗವನ್ನು ಗುಂಟೆ ವ್ಯಾಪಾರ ತುಂಬಿತು.

ಇವುಗಳನ್ನು ಸಕ್ರಮ ಮಾಡುವ ಮಾತು ಹಳೆಯದು. ಅಕ್ರಮ-ಸಕ್ರಮ ಯೋಜನೆಯನ್ನು 2016ರ ಕೊನೆಗೆ ಹೈಕೋರ್ಟ್ ಎತ್ತಿಹಿಡಿಯಿತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2024ರಿಂದ ನೋಂದಣಿಗೆ ಇ-ಖಾತಾ ಕಡ್ಡಾಯವಾಯಿತು. 2025ರ ಆರಂಭದಲ್ಲಿ ಸರಕಾರ ಬೆಂಗಳೂರಿನ ಆಚೆಯ ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳಲ್ಲೂ ಅನಧಿಕೃತ ಆಸ್ತಿಗಳಿಗೆ ಬಿ-ಖಾತಾ ಕೊಡಲು ಮುಂದಾಯಿತು. ಅಂದರೆ ಗದಗ-ಬೆಟಗೇರಿ ನಗರಸಭೆ, ಲಕ್ಷ್ಮೇಶ್ವರ ಮತ್ತು ಮುಂಡರಗಿ ಪುರಸಭೆ, ಶಿರಹಟ್ಟಿ ಪಟ್ಟಣ ಪಂಚಾಯಿತಿ ಎಲ್ಲಕ್ಕೂ ಇದು ಬಂತು. ಈಗಾಗಲೇ ಮನೆ ಕಟ್ಟಿಕೊಂಡು ಕೂತವರಿಗೆ ಇದು ಒಳ್ಳೆಯದೇ. ಅವರ ಹೆಸರು ದಾಖಲೆಯಲ್ಲಿ ಬರುತ್ತದೆ. ಹೊಸದಾಗಿ ಕೊಳ್ಳುವವರು ಮಾತ್ರ ‘ಬಿ-ಖಾತಾ ಐತ್ರಿ, ಏನೂ ತೊಂದ್ರಿಲ್ಲ’ ಎಂಬ ಏಜೆಂಟನ ಮಾತಿಗೆ ತಲೆದೂಗಬಾರದು. ಬಿ-ಖಾತಾ ಕರ ಕಟ್ಟಿಸಿಕೊಳ್ಳುವ ದಾಖಲೆ. ಅದರಿಂದ ಬಡಾವಣೆ ಸಕ್ರಮವಾಗುವುದಿಲ್ಲ, ರಸ್ತೆ ಅಗಲವಾಗುವುದಿಲ್ಲ, ಬ್ಯಾಂಕುಗಳು ಸಾಲ ಕೊಡಲು ಹಿಂಜರಿಯುತ್ತವೆ. ಊರ ಹೊರಗೆ ಗ್ರಾಮ ಪಂಚಾಯಿತಿ ವ್ಯಾಪ್ತಿಯ ಜಾಗವಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಇದೆಯೇ ನೋಡಬೇಕು. 11ಬಿ ಮಾತ್ರ ಇದ್ದರೆ ಅದೂ ಈ ಬಿ-ಖಾತಾದ ಪಂಗಡವೇ.

ಇನ್ನು ಹಳೆಯ ಊರು. ಈ ಲೇಖನದಲ್ಲಿ ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವುದು ಇಲ್ಲಿ. ಹಳೆಯ ಗದಗಿನಲ್ಲಿ ತ್ರಿಕೂಟೇಶ್ವರ, ವೀರನಾರಾಯಣ ಗುಡಿಗಳ ಸುತ್ತಲಿನ ಓಣಿಗಳಲ್ಲಿ, ಬೆಟಗೇರಿಯ ಪೇಟೆಯಲ್ಲಿ, ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಯ ಆಸುಪಾಸಿನಲ್ಲಿ, ಶಿರಹಟ್ಟಿಯ ಫಕೀರೇಶ್ವರ ಮಠದ ಹತ್ತಿರದ ಬೀದಿಗಳಲ್ಲಿ ಬೀಗ ಹಾಕಿದ ಮನೆಗಳು ಎಷ್ಟೋ ಇವೆ. ದಪ್ಪ ಮಣ್ಣಿನ ಗ್ವಾಡಿ, ತೊಲೆ-ಜಂತಿ, ಮೇಲೆ ಮಣ್ಣಿನ ಮಾಳಿಗೆ, ಬೆಳಕಿಂಡಿ, ಪಡಸಾಲಿ. ಏಪ್ರಿಲ್ ತಿಂಗಳಲ್ಲಿ ಸ್ಲ್ಯಾಬಿನ ಮನೆಯವರು ಫ್ಯಾನಿನ ಕೆಳಗೂ ಬೆವರುವಾಗ ಇಂಥ ಮನೆಯ ನಡುಮನೆ ತಂಪಾಗಿರುತ್ತದೆ. ಮಳೆಗಾಲದಲ್ಲಿ ಸೋರುತ್ತದೆ, ನಿಗಾ ಮಾಡದಿದ್ದರೆ ಬೀಳುತ್ತದೆ, ಅದೂ ನಿಜ. ಆದರೆ ಅಲ್ಲಿ ನೀರಿನ ಪೈಪು ಇದೆ, ಒಳಚರಂಡಿ ಬಹುಪಾಲು ಬಂದಿದೆ, ಶಾಲೆ, ದವಾಖಾನೆ, ಕಾಯಿಪಲ್ಲೆ ಪೇಟೆ ಎಲ್ಲ ನಡೆದು ಹೋಗುವಷ್ಟು ಹತ್ತಿರ. ಊರು ನೂರಾರು ವರ್ಷ ಕೂಡಿಸಿಕೊಂಡ ಸೌಕರ್ಯ ಅದು. ಅದನ್ನು ಬಿಟ್ಟು ಹೊಸ ದಂಪತಿ ನಾಲ್ಕು ಕಿಲೋಮೀಟರ್ ದೂರದ ಎರಿ ಹೊಲಕ್ಕೆ ಹೋಗುತ್ತಾರೆ.

ಯಾಕೆ ಹೋಗುತ್ತಾರೆ ಎಂದರೆ ಹಳೆಯ ಮನೆ ಮಾರಾಟಕ್ಕೆ ಸಿಕ್ಕುವುದು ಕಷ್ಟ. ಅಜ್ಜನ ಹೆಸರಿನಲ್ಲಿ ಉತಾರ ಇರುತ್ತದೆ. ಅಜ್ಜ ತೀರಿ ಮೂವತ್ತು ವರ್ಷವಾಗಿರುತ್ತದೆ. ವಾರಸಾ ಹಚ್ಚಿರುವುದಿಲ್ಲ, ವಾಟ್ನಿ ಬಾಯಿಮಾತಿನಲ್ಲಿ ಆಗಿರುತ್ತದೆ. ಅಣ್ಣತಮ್ಮಂದಿರು ಒಬ್ಬರು ಹುಬ್ಬಳ್ಳಿ, ಒಬ್ಬರು ಪುಣೆ. ಅಕ್ಕತಂಗಿಯರ ಸಹಿ ಯಾಕೆ ಬೇಕು ಎಂದು ಕೇಳುವ ಹಿರಿಯರು ಈಗಲೂ ಇದ್ದಾರೆ. ಬೇಕೇ ಬೇಕು. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಕೊಡುವ ತಿದ್ದುಪಡಿ ಮಾಡಿತು, ಅದರಲ್ಲಿ ಮೊದಲೇ ಮದುವೆಯಾಗಿದ್ದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. ತಂದೆ ಯಾವಾಗ ತೀರಿದ್ದರೂ ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದು 2020ರ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾದ ವಾಟ್ನಿಯಂಥವಕ್ಕೆ ಮಾತ್ರ ವಿನಾಯಿತಿ. ಆದ್ದರಿಂದ ಅಕ್ಕತಂಗಿಯರ ಸಹಿಯಿಲ್ಲದ ಖರೇದಿಯನ್ನು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಮಾಡಬಾರದು. ಅದು ಕೊಳ್ಳುವವರ ಸುರಕ್ಷತೆಗೂ ಹೌದು, ಆ ಹೆಣ್ಣುಮಕ್ಕಳ ನ್ಯಾಯಕ್ಕೂ ಹೌದು.

ಲಕ್ಷ್ಮೇಶ್ವರ ಮತ್ತು ಶಿರಹಟ್ಟಿಯ ಕಾಗದಗಳಿಗೆ ಇನ್ನೊಂದು ಪದರವಿದೆ. 1948ರ ವಿಲೀನದ ತನಕ ಲಕ್ಷ್ಮೇಶ್ವರ ಮಿರಜ್ ಸಂಸ್ಥಾನದಲ್ಲಿ, ಶಿರಹಟ್ಟಿ ಸಾಂಗ್ಲಿ ಸಂಸ್ಥಾನದಲ್ಲಿ ಇದ್ದವು. ಹಳೆಯ ಮನೆಗಳ ಪೆಟ್ಟಿಗೆಯಲ್ಲಿ ಮೋಡಿ ಅಕ್ಷರದ ಮರಾಠಿ ಕಾಗದ ಸಿಗುವುದುಂಟು. ಅವನ್ನು ಓದಬಲ್ಲವರು ಬೆರಳೆಣಿಕೆಯಷ್ಟು. ಮಠಗಳ, ಗುಡಿಗಳ, ಬಸದಿಗಳ, ದರ್ಗಾಗಳ ಊರುಗಳಿವು, ಇನಾಂ ಭೂಮಿಯೂ ಬಹಳ. ಪಹಣಿಯ 11ನೇ ಕಾಲಂನಲ್ಲಿ ಬೋಜಾ ಏನಿದೆ, ದೇವಸ್ಥಾನದ್ದೋ ವಕ್ಫ್‌ನದ್ದೋ ಸರಕಾರದ್ದೋ ಹೆಸರು ಇದೆಯೇ ಎಂದು ನೋಡುವುದನ್ನು 2024ರ ವಕ್ಫ್ ಗಲಾಟೆಯಾದ ಮೇಲೆ ಜನ ಕಲಿತರು. ಕಾವೇರಿ ತಂತ್ರಾಂಶದಲ್ಲಿ 2004ರಿಂದ ಈಚಿನ ಋಣಭಾರ ಪತ್ರ ಸಿಗುತ್ತದೆ. ಅಷ್ಟಕ್ಕೆ ನಿಲ್ಲಿಸಬಾರದು, ಹಿಂದಿನ 30 ವರ್ಷದ್ದನ್ನು ಉಪನೋಂದಣಿ ಕಚೇರಿಯಲ್ಲಿ ಕೇಳಿ ತೆಗೆಸಬೇಕು. ಒಳ್ಳೆಯ ವಕೀಲರಿಗೆ ಕೊಡುವ ಫೀ ಇಡೀ ವ್ಯವಹಾರದಲ್ಲಿ ಅತ್ಯಂತ ಸಣ್ಣ ಖರ್ಚು, ಅತ್ಯಂತ ದೊಡ್ಡ ಉಪಕಾರ.

ಕಾಗದ ಸರಿಯಿದ್ದರೆ ಮುಂದಿನದು ಮಣ್ಣು. ಗದಗಿನ ಬಹುಭಾಗ, ಅದರಲ್ಲೂ ಉತ್ತರಕ್ಕೆ, ಎರಿ ನೆಲ. ಕಪ್ಪತಗುಡ್ಡದ ಕಡೆಗೆ, ಶಿರಹಟ್ಟಿ-ಮುಂಡರಗಿಗಳ ಕೆಲವು ಭಾಗಗಳಲ್ಲಿ ಮಸಾರಿ. ಎರಿ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಒಮ್ಮೆ ಹೊಸ ಬಡಾವಣೆಯೊಂದರಲ್ಲಿ ಪಾಯಾ ತೆಗೆಯುವುದನ್ನು ನೋಡುತ್ತ ನಿಂತಿದ್ದೆ. ಗೌಂಡಿ ಕೈಯಲ್ಲಿದ್ದ ಕಬ್ಬಿಣದ ಸಳಿಯನ್ನು ನೆಲದ ಬಿರುಕಿಗೆ ಇಳಿಬಿಟ್ಟ. ಮೊಣಕೈ ಮಟ್ಟ ಹೋಯಿತು, ಇನ್ನೂ ತಳ ಮುಟ್ಟಲಿಲ್ಲ. ‘ನೆಲಾನ ಬಾಯಿ ತಗದೈತ್ರಿ ಸರ. ಗರಸು ಸಿಗೂಮಟಾ ಹೋಗಬೇಕು. ನಡುವ ನಿಂದರಿಸಿದ್ರ ಮೂರನೇ ವರ್ಷಕ್ಕ ಗ್ವಾಡಿ ಸೀಳತಾವು’ ಎಂದ. ಮನೆಯ ಯಜಮಾನ ನಾಲ್ಕಡಿಗೆ ನಿಲ್ಲಿಸಲು ಲೆಕ್ಕ ಹಾಕಿದ್ದ. ಗೌಂಡಿ ಹಟ ಮಾಡಿ ಏಳಡಿಗೆ ಇಳಿಸಿದ. ಅಲ್ಲಿ ಹಳದಿ ಗರಸು ಬಂತು.

ಆ ಮೂರಡಿಯ ಖರ್ಚನ್ನು ಪ್ಲಾಟಿನ ಬೆಲೆಯಲ್ಲಿ ಯಾರೂ ಹೇಳುವುದಿಲ್ಲ. ಎರಿ ನೆಲದಲ್ಲಿ ಕಟ್ಟುವವರು ಮೂರು ವಿಷಯದಲ್ಲಿ ಉಳಿತಾಯ ಮಾಡಬಾರದು: ಗಟ್ಟಿ ನೆಲದವರೆಗೆ ಇಳಿಯುವ ಪಾಯಾ ಅಥವಾ ಬುಡ ಅಗಲವಿರುವ ಕಾಂಕ್ರೀಟ್ ಪೈಲು, ಅದರ ಮೇಲೆ ಸುತ್ತ ಕಬ್ಬಿಣದ ಬೀಮು, ಮನೆಯ ಹೊರಗೆ ಸುತ್ತಲೂ ನೀರು ಇಂಗದಂತೆ ಕಾಂಕ್ರೀಟ್ ಪಟ್ಟಿ. ದೊಡ್ಡ ಗಿಡವನ್ನು ಗ್ವಾಡಿಗೆ ಅಂಟಿಸಿ ಹಚ್ಚಬಾರದು. ಮುಖ್ಯವಾಗಿ ನೀರಿನ ಸಂಪು ಸೋರಬಾರದು. ಸೋರಿದ ಸಂಪಿನ ಪಕ್ಕದ ಎರಿ ಮಣ್ಣು ಉಬ್ಬಿ ಅದೇ ಮೂಲೆಯ ಗ್ವಾಡಿಯನ್ನು ಎತ್ತಿಬಿಡುತ್ತದೆ. ಮರಳಿನ ಮಾತೂ ಇಲ್ಲೇ ಬರಲಿ: ಮುಂಡರಗಿ ತಾಲ್ಲೂಕಿನ ತುಂಗಭದ್ರಾ ದಂಡೆಯ ಮರಳನ್ನೇ ನಂಬಿದ್ದ ಊರುಗಳಿವು. ಹೊಳೆಯನ್ನು ಬಗೆದು ಮನೆ ಕಟ್ಟುವ ಕಾಲ ಮುಗಿಯಬೇಕು. ಒಳ್ಳೆಯ ಎಂ-ಸ್ಯಾಂಡ್ ಸಿಗುವಾಗ ರಾತ್ರಿ ಬರುವ ಟ್ರ್ಯಾಕ್ಟರಿನ ಮರಳಿಗೆ ಆಸೆಪಡುವುದು ಬೇಡ.

ನೀರಿನ ವಿಷಯ. ಗದಗ-ಬೆಟಗೇರಿಯ ಕುಡಿಯುವ ನೀರು ಮುಂಡರಗಿ ತಾಲ್ಲೂಕಿನ ಹಮ್ಮಿಗಿಯ ಕಡೆಯಿಂದ, ತುಂಗಭದ್ರೆಯಿಂದ ಬರುತ್ತದೆ. ದಿನದ 24 ತಾಸು ನೀರು ಕೊಡುವ ಯೋಜನೆಯೂ ಬಂತು. ಆದರೂ ಬಹಳ ಓಣಿಗಳಲ್ಲಿ ನೀರು ಬರುವುದು ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ. ಪೈಪು ಒಡೆದರೆ, ಬೇಸಿಗೆ ಬಲಿತರೆ ಅದಕ್ಕೂ ಹೆಚ್ಚು. ‘ಇವತ್ತ ನಳಾ ಬಿಡತಾರ’ ಎಂದರೆ ಮನೆಯ ಹೆಣ್ಣುಮಕ್ಕಳು ಅಂದು ಊರಿಗೆ ಹೋಗುವುದಿಲ್ಲ, ಕೆಲವರು ಕೆಲಸಕ್ಕೂ ರಜೆ ಹಾಕುತ್ತಾರೆ. ಹೀಗಾಗಿ ಇಲ್ಲಿ ಮನೆಯ ನಕ್ಷೆ ಸಂಪಿನಿಂದ ಶುರುವಾಗಬೇಕು. ಐದು ಜನರ ಮನೆಗೆ ದಿನಕ್ಕೆ ತಲಾ 100 ಲೀಟರ್ ಎಂದರೆ 500 ಲೀಟರ್. 15 ದಿನಕ್ಕೆ 7,500. ಎಂಟಡಿ ಉದ್ದ, ಎಂಟಡಿ ಅಗಲ, ಐದೂವರೆ ಅಡಿ ಆಳದ ಸಂಪು ಸುಮಾರು 10 ಸಾವಿರ ಲೀಟರ್ ಹಿಡಿಯುತ್ತದೆ. ಇಷ್ಟು ಕನಿಷ್ಠ. 20×30ರ ಪ್ಲಾಟಿನಲ್ಲಿ ಇದಕ್ಕೆ ಜಾಗ ಹೊಂದಿಸುವುದೇ ಒಂದು ಕಸರತ್ತು.

ಬೋರ್‌ವೆಲ್ ಇದೆಯಲ್ಲ ಎನ್ನುವವರು ನೀರನ್ನು ಒಮ್ಮೆ ಪರೀಕ್ಷೆಗೆ ಕೊಡಬೇಕು. ಗದಗ ಜಿಲ್ಲೆ, ವಿಶೇಷವಾಗಿ ಮುಂಡರಗಿ ತಾಲ್ಲೂಕು, ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವ ಪ್ರದೇಶ. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಿದರೆ ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತವೆ, ವರ್ಷಗಟ್ಟಲೆ ಕುಡಿದರೆ ಎಲುಬು ಬಾಗುತ್ತದೆ. ತುಂಗಭದ್ರೆ ಹರಿಯುವ ತಾಲ್ಲೂಕಿನಲ್ಲಿ ಜನ ಈ ನೀರು ಕುಡಿದು ಮೈ ಕೆಡಿಸಿಕೊಂಡದ್ದು ನಮ್ಮ ಜಿಲ್ಲೆಯ ದೊಡ್ಡ ನೋವು. ಮಾಳಿಗೆಯ ಮೇಲೆ ಬೀಳುವ ಮಳೆನೀರನ್ನು ಹಿಡಿಯುವ ಪೈಪು ಹಾಕಿಸಿದರೆ ಸಾವಿರಗಳಲ್ಲಿ ಮುಗಿಯುತ್ತದೆ. ಹೊಸ ಮನೆಯಲ್ಲಿ ಅದಿಲ್ಲದಿದ್ದರೆ ಏನೋ ಮರೆತಂತೆಯೇ.

ದುಡ್ಡಿನ ಲೆಕ್ಕಕ್ಕೆ ಬರೋಣ. ಪಟ್ಟಣದ ಪ್ಲಾಟಿಗೋ ಮನೆಗೋ ಶೇ 5 ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ಸು ಮತ್ತು ಅಧಿಭಾರ ಕೂಡಿ ಶೇ 5.6, 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿದೆ. ಒಟ್ಟು ಶೇ 7.6. 10 ಲಕ್ಷದ ಪ್ಲಾಟಿಗೆ 76 ಸಾವಿರ ರೂಪಾಯಿ. ಕಡಿಮೆ ಬೆಲೆಯ ಮನೆಗೆ ಮುದ್ರಾಂಕ ಶುಲ್ಕ ಇಳಿಸಿದ್ದೇವೆ ಎಂದು ಸರಕಾರ 2020 ಮತ್ತು 2021ರಲ್ಲಿ ಹೇಳಿತು. 20 ಲಕ್ಷದ ಒಳಗೆ ಶೇ 2, 45 ಲಕ್ಷದ ಒಳಗೆ ಶೇ 3. ಆದರೆ ಆ ರಿಯಾಯಿತಿ ಮೊದಲ ಸಲ ಮಾರಾಟವಾಗುವ ಹೊಸ ಅಪಾರ್ಟ್‌ಮೆಂಟಿನ ಫ್ಲ್ಯಾಟಿಗೆ ಮಾತ್ರ. ಶಿರಹಟ್ಟಿಯಲ್ಲಿ, ಮುಂಡರಗಿಯಲ್ಲಿ ಅಂಥ ಫ್ಲ್ಯಾಟು ಎಲ್ಲಿದೆ? ಬೆಂಗಳೂರಿನಲ್ಲಿ 40 ಲಕ್ಷದ ಫ್ಲ್ಯಾಟು ಕೊಂಡವರು ಶೇ 3 ಕಟ್ಟುತ್ತಾರೆ, ಲಕ್ಷ್ಮೇಶ್ವರದಲ್ಲಿ 8 ಲಕ್ಷದ ಹಳೆಯ ಮನೆ ಕೊಂಡ ಶಿಕ್ಷಕಿ ಶೇ 5 ಕಟ್ಟುತ್ತಾರೆ. ಈ ತಾರತಮ್ಯವನ್ನು ಸರಿಪಡಿಸಲು ಒಂದು ಸಣ್ಣ ತಿದ್ದುಪಡಿ ಸಾಕು: ಮೊದಲ ಮನೆ ಕೊಳ್ಳುವವರಿಗೆ, ಅದು ಫ್ಲ್ಯಾಟೇ ಇರಲಿ, ಪ್ಲಾಟೇ ಇರಲಿ, ಹಳೆಯ ಮನೆಯೇ ಇರಲಿ, ಅದೇ ದರ. ನಮ್ಮ ಭಾಗದ ಶಾಸಕರು ಇದನ್ನು ಸದನದಲ್ಲಿ ಕೇಳಬೇಕು.

ಎರಡನೆಯ ಗಂಟು, ಕಾಗದದ ಬೆಲೆ ಮತ್ತು ಕೈಬೆಲೆ. ಮಾರುವವರು ಮಾರ್ಗಸೂಚಿ ಬೆಲೆಯನ್ನಷ್ಟೇ ಖರೇದಿಯಲ್ಲಿ ತೋರಿಸಿ ಉಳಿದದ್ದನ್ನು ನಗದು ಕೇಳುತ್ತಾರೆ. ಸ್ಥಿರಾಸ್ತಿಗೆ 20 ಸಾವಿರ ಅಥವಾ ಅದಕ್ಕೂ ಮೀರಿದ ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ ಎಂಬುದು ಒಂದು ಮಾತು. ಸಂಬಳದವರಿಗೆ ಅದಕ್ಕಿಂತ ಹತ್ತಿರದ ಪೆಟ್ಟು ಬೇರೆ. ಬ್ಯಾಂಕು ಸಾಲ ಕೊಡುವುದು ಕಾಗದದ ಬೆಲೆ ನೋಡಿ. 30 ಲಕ್ಷದವರೆಗಿನ ಸಾಲವನ್ನು ಮನೆಯ ಬೆಲೆಯ ಶೇ 90ರ ತನಕ ಕೊಡಲು ರಿಸರ್ವ್ ಬ್ಯಾಂಕಿನ ಅನುಮತಿ ಇದೆ. ಆದರೆ 16 ಲಕ್ಷದ ವ್ಯವಹಾರ ಕಾಗದದಲ್ಲಿ 9 ಲಕ್ಷವಾದರೆ ಉಳಿದ 7 ಲಕ್ಷವನ್ನು ಕೊಳ್ಳುವವರು ಬಂಗಾರ ಒತ್ತೆಯಿಟ್ಟು, ಕೈಸಾಲ ಮಾಡಿ ತರಬೇಕು. ಮಾರುವವರ ತೆರಿಗೆ ಉಳಿತಾಯದ ಬಡ್ಡಿಯನ್ನು ಮೊದಲ ಮನೆಯವರು ಕಟ್ಟುತ್ತಾರೆ. ಪೂರ್ತಿ ಬೆಲೆಗೆ ಖರೇದಿ ಮಾಡಿಕೊಡುವವರ ಹತ್ತಿರ ಚದರಡಿಗೆ ನೂರಿನ್ನೂರು ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಸಾಲದ ಅವಧಿಯನ್ನು ಹಗುರವಾಗಿ ಆರಿಸಿಕೊಳ್ಳುವವರು ಹೆಚ್ಚು. 15 ಲಕ್ಷ ಸಾಲ, ಬಡ್ಡಿ ಶೇ 8.5 ಎಂದಿಟ್ಟುಕೊಳ್ಳಿ. 20 ವರ್ಷಕ್ಕೆ ತಿಂಗಳ ಕಂತು ಸುಮಾರು 13 ಸಾವಿರ, ಒಟ್ಟು ಕಟ್ಟುವುದು 31 ಲಕ್ಷದ ಮೇಲೆ. 15 ವರ್ಷಕ್ಕೆ ಕಂತು ಸುಮಾರು 14,770. ಒಟ್ಟು 26 ಲಕ್ಷ 60 ಸಾವಿರದ ಆಸುಪಾಸು. ತಿಂಗಳಿಗೆ 1,750 ರೂಪಾಯಿ ಹೆಚ್ಚು ಕಟ್ಟಿದರೆ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಉಳಿಯುತ್ತದೆ, ಐದು ವರ್ಷ ಮೊದಲೇ ಋಣ ಹರಿಯುತ್ತದೆ. 2024ರ ಸೆಪ್ಟೆಂಬರಿನಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ನಗರ ಯೋಜನೆ 2.0ರಲ್ಲಿ ವರ್ಷಕ್ಕೆ 9 ಲಕ್ಷದೊಳಗಿನ ಆದಾಯವಿದ್ದು, ದೇಶದಲ್ಲಿ ಎಲ್ಲೂ ಪಕ್ಕಾ ಮನೆಯಿಲ್ಲದ ಕುಟುಂಬಕ್ಕೆ ಗರಿಷ್ಠ 1 ಲಕ್ಷ 80 ಸಾವಿರದ ಬಡ್ಡಿ ಸಹಾಯಧನವಿದೆ. ಮನೆಯ ಬೆಲೆ 35 ಲಕ್ಷ, ಸಾಲ 25 ಲಕ್ಷ ಮೀರಬಾರದು. ಗದಗಿನಂಥ ಊರಿಗೆ ಹೇಳಿ ಮಾಡಿಸಿದ ಮಿತಿಗಳಿವು, ಆದರೂ ಬ್ಯಾಂಕಿನಲ್ಲಿ ಕೇಳುವವರು ಕಡಿಮೆ.

ಸಹಕಾರಿ ಸಾಲದ ಸಂಗತಿ ಹೇಳದೆ ಗದಗಿನ ಲೇಖನ ಮುಗಿಯುವುದಿಲ್ಲ. 1905ರಲ್ಲಿ ಇಲ್ಲಿಗೆ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಂಘ ದೇಶದ ಸಹಕಾರ ಚಳವಳಿಯ ಮೊದಲ ಹೆಜ್ಜೆಗಳಲ್ಲಿ ಒಂದು. ಬಡ್ಡಿ ವ್ಯಾಪಾರಿಗಳ ಕೈಯಿಂದ ರೈತರನ್ನು ಬಿಡಿಸಲು ಹುಟ್ಟಿದ ವಿಚಾರ ಅದು. 2022ರಲ್ಲಿ ರಿಸರ್ವ್ ಬ್ಯಾಂಕ್ ಸಣ್ಣ ಪಟ್ಟಣ ಸಹಕಾರಿ ಬ್ಯಾಂಕುಗಳ ಗೃಹಸಾಲದ ಮಿತಿಯನ್ನು 30 ಲಕ್ಷದಿಂದ 60 ಲಕ್ಷಕ್ಕೆ ಏರಿಸಿತು. ಸಂಬಳದ ಚೀಟಿ ಇಲ್ಲದ ಅಂಗಡಿಕಾರರ, ಗ್ಯಾರೇಜಿನವರ ದುಡಿಮೆಯನ್ನು ಕಣ್ಣಾರೆ ಕಂಡಿರುವವರು ಊರಿನ ಸಹಕಾರಿಗಳೇ. ದೊಡ್ಡ ಬ್ಯಾಂಕು ವಾಪಸು ಕಳಿಸಿದವರಿಗೆ ನ್ಯಾಯವಾದ ಬಡ್ಡಿಯಲ್ಲಿ ಮನೆ ಸಾಲ ಕೊಡುವ ಹೊಣೆಯನ್ನು ಈ ಜಿಲ್ಲೆಯ ಸಹಕಾರಿಗಳು ಹೊರದಿದ್ದರೆ ಕಣಗಿನಹಾಳದ ಹೆಸರು ಹೇಳುವುದರಲ್ಲಿ ಅರ್ಥವಿಲ್ಲ.

ಬೆಟಗೇರಿಯ ನೇಕಾರರ ಮನೆಯ ಪ್ರಶ್ನೆ ಎಲ್ಲರದ್ದಕ್ಕಿಂತ ಬೇರೆ. ಕುಣಿಮಗ್ಗ ನೆಲದೊಳಗೆ ಕೂಡುತ್ತದೆ. ನೇಯುವವರ ಕಾಲು ಕುಣಿಯೊಳಗೆ, ಹಾಸು ಉದ್ದಕ್ಕೆ ಚಾಚಬೇಕು, ಬೆಳಕು ಒಂದು ಮಗ್ಗುಲಿನಿಂದ ಬರಬೇಕು. ಮಗ್ಗದ ಹಿಂದೆ ಅಡಿಗೆಮನೆ, ಅಲ್ಲೇ ಲಾಳಿಗೆ ನೂಲು ಸುತ್ತುವ ಹೆಂಡತಿ, ತಾಯಿ. ಇಂಥವರಿಗೆ ಮಹಡಿಯ ಮೇಲಿನ ಒಂದು ಕೋಣೆಯ ಮನೆ ಕೊಟ್ಟರೆ ಸೂರು ಬಂತು, ದುಡಿಮೆ ಹೋಯಿತು. 2009ರ ನೆರೆಯ ನಂತರ ಇದೇ ಜಿಲ್ಲೆಯ ಮಲಪ್ರಭಾ ದಂಡೆಯ ಊರುಗಳಿಗೆ ಕಟ್ಟಿದ ಆಸರೆ ಮನೆಗಳಲ್ಲಿ ಎಷ್ಟೋ ಖಾಲಿ ಉಳಿದವು; ದನ ಕಟ್ಟಲು, ಕಾಳು ಇಡಲು ಜಾಗವಿಲ್ಲದ ಮನೆಗೆ ಒಕ್ಕಲಿಗ ಹೇಗೆ ಹೋಗಬೇಕು? ಸರಕಾರಿ ಮನೆಯ ನಕ್ಷೆ ಬರೆಯುವವರು ಒಂದು ದಿನ ಬೆಟಗೇರಿಯ ಮಗ್ಗದ ಮನೆಯಲ್ಲಿ ಕೂತು ಬರೆಯಲಿ.

ಇಷ್ಟೆಲ್ಲ ತೊಡಕು ಹೇಳಿದ್ದು ಊರು ಬಿಡಿ ಎನ್ನಲು ಅಲ್ಲ. ಈ ಊರುಗಳಲ್ಲಿ ಬಾಳುವುದು ಒಳ್ಳೆಯ ಬಾಳು. ಸಂಜೆ ಐದೂವರೆಗೆ ಕಚೇರಿ ಬಿಟ್ಟವರು ಆರಕ್ಕೆ ಮನೆಯಲ್ಲಿರುತ್ತಾರೆ. ವೀರೇಶ್ವರ ಪುಣ್ಯಾಶ್ರಮದಲ್ಲಿ ಮಕ್ಕಳ ಸ್ವರಾಭ್ಯಾಸ ಕೇಳಲು ಟಿಕೆಟ್ಟಿಲ್ಲ. ಹುಬ್ಬಳ್ಳಿ 60 ಕಿಲೋಮೀಟರಿನ ಆಸುಪಾಸು, ರೈಲು ಬಸ್ಸು ಎರಡೂ ಇವೆ. ಹಿರಿಯರು, ಮೊಮ್ಮಕ್ಕಳು ಒಂದೇ ಓಣಿಯಲ್ಲಿ ಇರಬಹುದು. ಬೆಂಗಳೂರಿನಲ್ಲಿ ದುಡಿದು ಊರಲ್ಲಿ ಮನೆ ಕಟ್ಟಿಸುವ ಮಕ್ಕಳು ಹೆಚ್ಚುತ್ತಿರುವುದು ಇದಕ್ಕೇ. ಅವರಿಗೆ ಒಂದು ಮಾತು: ಅಪ್ಪ-ಅವ್ವನಿಗೆ ಊರ ಹೊರಗಿನ ಎರಡಂತಸ್ತಿಗಿಂತ ಔಷಧಿ ಅಂಗಡಿಗೆ ನಡೆದು ಹೋಗುವಷ್ಟು ಹತ್ತಿರದ ಎರಡು ಕೋಣೆ ಹಿತ.

ನನ್ನ ತೀರ್ಮಾನ ಇದು. ಕೊಳ್ಳುವ ಶಕ್ತಿ ಇರುವವರು ಮೊದಲು ಹಸ್ತಾಂತರವಾದ ಹಳೆಯ ಬಡಾವಣೆಗಳಲ್ಲಿ ಕಟ್ಟಿದ ಮನೆಯನ್ನೋ ಸಣ್ಣ ಪ್ಲಾಟನ್ನೋ ಹುಡುಕಲಿ. ಎರಡನೆಯದಾಗಿ, ಎಲ್ಲ ವಾರಸುದಾರರೂ ಸಹಿ ಮಾಡಲು ಒಪ್ಪುವ ಹಳೆಯ ಓಣಿಯ ಮನೆ. ಅದನ್ನು ದುರಸ್ತಿ ಮಾಡಿ, ಮಾಳಿಗೆಯ ತಂಪು ಉಳಿಸಿಕೊಂಡು ಬಾಳಬಹುದು. ಹಸ್ತಾಂತರವಾಗದ ಬಡಾವಣೆ ಮೂರನೆಯದು, ಅದೂ ಬೇರೆ ದಾರಿಯಿಲ್ಲದಿದ್ದರೆ. ಗುಂಟೆ ಪ್ಲಾಟು ಬೇಡ. ಒಳ್ಳೆಯದು ಸಿಗುವ ತನಕ ಬಾಡಿಗೆಯಲ್ಲಿ ಇರುವುದು ಕೀಳಲ್ಲ. ಅವಸರದಲ್ಲಿ ಹಿಡಿದ ಪ್ಲಾಟಿಗಿಂತ ಎರಡು ವರ್ಷದ ಬಾಡಿಗೆ ಅಗ್ಗ.

ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿ, ಪ್ರಾಧಿಕಾರಗಳು ಒಂದು ಕೆಲಸವನ್ನು ಈ ವಾರವೇ ಮಾಡಬಹುದು. ಯಾವ ಬಡಾವಣೆ ಹಸ್ತಾಂತರವಾಗಿದೆ, ಯಾವುದು ಆಗಿಲ್ಲ, ಯಾವುದಕ್ಕೆ ನೀರಿನ ಸಂಪರ್ಕ ಇದೆ ಎಂಬ ಪಟ್ಟಿಯನ್ನು ಕಚೇರಿಯ ಹೊರಗೆ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಹಾಕಲಿ. ಅವರು ಹಾಕುವ ತನಕ ಕೊಳ್ಳುವವರು ಸಂಚಕಾರ ಕೊಡುವ ಮುನ್ನ ತಾವೇ ಬರೆದು ಕೇಳಲಿ. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡಬೇಕೆಂದು ಕಾನೂನಿದೆ.